ಸೋಮವಾರದ ಮುಂದಿನ ಬೆಂಚಿಗೆ ಮೂವರನ್ನು ಕೋರಿ

ಇಂದ: ಇದನ್ನು ಕೊಡುವುದೋ ಹರಿದು ಹಾಕುವುದೋ ಎಂದು ಇನ್ನೂ ತೀರ್ಮಾನಿಸದ ಅರ್ಜಿದಾರ, ಎಂ.ಎ. ಮೊದಲ ವರ್ಷ, ಕಿಟಕಿ ಪಕ್ಕದ ಬೆಂಚು.

ಗೆ: ಸಮಾಜಶಾಸ್ತ್ರದ ಮೇಷ್ಟ್ರು, ಮಹಡಿಯ ಮೂಲೆಯ ಕೋಣೆ.

ವಿಷಯ: ಗುಂಪು ಪ್ರಸ್ತುತಿಯಲ್ಲಿ ಬಾಯಿ ಬಿಡದವನಿಗೆ ತಾವು ದಯಪಾಲಿಸಿದ ಸೊನ್ನೆಯ ಕುರಿತು.

ಉಲ್ಲೇಖ: "ಇವನನ್ನ ಯಾಕ್ರೀ ಕರ್ಕೊಂಡು ಬಂದ್ರಿ?" ಎಂದು ಆ ದಿನ ನಮ್ಮ ಗುಂಪನ್ನು ಕೇಳಿದ ತಮ್ಮ ಮೌಖಿಕ ಪ್ರಶ್ನೆ.

ಮಾನ್ಯರೇ,

೧. ಅರ್ಜಿದಾರನ ಗುಂಪಿನಲ್ಲಿ ನಾಲ್ವರು. ಕೆಲಸ ಬಿಟ್ಟು ಓದಲು ಬಂದ, ಎಲ್ಲರೂ ಅಕ್ಕ ಎನ್ನುವ ಹಿರಿಯಳು, ನಿಲ್ಲಿಸಿದರೂ ಮಾತು ನಿಲ್ಲಿಸದ, ರೇಡಿಯೊ ಎಂಬ ಅಡ್ಡಹೆಸರಿನವನು, ಮಾತು ಮುಗಿಸುವ ಮೊದಲೇ ಕೂರುವ, ಅವಸರ ಎಂಬ ಅಡ್ಡಹೆಸರಿನವನು, ಮತ್ತು ಅರ್ಜಿದಾರ. ಪ್ರಸ್ತುತಿಯ ವಿಷಯ, ಸಾಲಿನಲ್ಲಿ ನಿಂತ ಜನರ ವರ್ತನೆ.

೨. ತಾಲೀಮಿಗೆ ಖಾಲಿ ಕ್ಯಾಂಟೀನು ಸಿಕ್ಕಿತು, ಕೇಳುಗರು ಸಿಗಲಿಲ್ಲ. ಆದ್ದರಿಂದ ಅಕ್ಕ, "ನಿಂದು ಕೊನೇಲಿ ಎರಡೇ ಮಾತು. ಅಲ್ಲೀವರೆಗೂ ನೀನೇ ಕ್ಲಾಸು, ಕೂತ್ಕೊ. ಬೇಜಾರಾದ್ರೆ ಹುಬ್ಬು ಗಂಟಾಕು," ಎಂದಳು. ಅರ್ಜಿದಾರ ಹುಬ್ಬು ಗಂಟಿಕ್ಕಿದರೆ ರೇಡಿಯೊ ಮಾತು ಕತ್ತರಿಸುತ್ತಿದ್ದ. ತಲೆಯಾಡಿಸಿದರೆ ಅವಸರ ಉಸಿರು ತೆಗೆದುಕೊಳ್ಳುತ್ತಿದ್ದ. ಆದಕಾರಣ, ಮೂವರೂ ದಿನೇ ದಿನೇ ಸುಧಾರಿಸಿದರು. ಆ ಎರಡು ಮಾತಿನ ತಾಲೀಮು ಮಾತ್ರ ಎಲ್ಲರಿಗೂ ಮರೆತೇಹೋಯಿತು.

೩. ಪ್ರಸ್ತುತಿಯ ದಿನ ಮೂವರೂ ತರಗತಿಗೆ ಬೆನ್ನು ಕೊಟ್ಟು, ವೇದಿಕೆಯ ಹಿಂಬದಿಯಲ್ಲಿ ನಿಂತಿದ್ದ ಅರ್ಜಿದಾರನ ಮುಖ ನೋಡಿಯೇ ಶುರುಮಾಡಿದರು. "ಏನ್ರೀ, ಕ್ಲಾಸು ಈ ಕಡೆ ಇದೆ," ಎಂದಿರಿ ತಾವು. ರೇಡಿಯೊ, "ಇರಿ ಸಾರ್, ಅವನು ತಲೆ ಆಡಿಸ್ಲಿ, ತಿರುಗ್ತೀನಿ," ಎಂದ. ತರಗತಿ ನಕ್ಕಿತು. ಆದರೂ ಮೂವರೂ ಚೆನ್ನಾಗಿಯೇ ಮುಗಿಸಿದರು. ಕೊನೆಗೆ ಅರ್ಜಿದಾರ ತರಗತಿಯ ಕಡೆ ತಿರುಗಿದ. ಅಷ್ಟು ಮುಖಗಳಲ್ಲಿ ಒಂದೂ ತಲೆಯಾಡಿಸುತ್ತಿರಲಿಲ್ಲ. ಆದಕಾರಣ, ನಾಲಿಗೆ ಏಳಲಿಲ್ಲ.

೪. ತಾವು ಮೂವರಿಗೂ ಒಳ್ಳೆಯ ಅಂಕ, ಅರ್ಜಿದಾರನಿಗೆ ಸೊನ್ನೆ ಕೊಟ್ಟು, "ಸೋಮವಾರ ಒಬ್ಬನೇ ಬಂದು ಮಾತಾಡಪ್ಪ. ಇಲ್ಲಾಂದ್ರೆ ಈ ವರ್ಷ ಹೋಯ್ತು ಅಂದ್ಕೊ," ಎಂದಿರಿ. ಹೊರಗೆ ಅಕ್ಕ, "ತಪ್ಪು ನಮ್ದು ಕಣೋ," ಎಂದಳು. ಅವಸರ, "ನಾವು ಎದುರಿಗಿದ್ರೆ ನಿಂಗೆ ಮುಜುಗರ. ಸೋಮವಾರ ಆ ಕಡೆ ತಲೆನೇ ಹಾಕಲ್ಲ, ಸರಿನಾ?" ಎಂದ. ಅರ್ಜಿದಾರ ಅಭ್ಯಾಸಬಲದಿಂದ ತಲೆಯಾಡಿಸಿದ.

ಆದ್ದರಿಂದ, ಸೋಮವಾರ ಸದರಿ ಮೂವರನ್ನೂ, ಅರ್ಜಿದಾರನ ಮಾತಿಗೆ ತಲೆಯಾಡಿಸಲು, ಮುಂದಿನ ಬೆಂಚಿನಲ್ಲಿ ಕಡ್ಡಾಯವಾಗಿ ಕೂರಿಸಬೇಕೆಂದೂ, ಈ ಆಲೋಚನೆ ತಮ್ಮದೇ ಎಂಬಂತೆ ಆದೇಶ ಹೊರಡಿಸಬೇಕೆಂದೂ ಕೋರಿಕೆ.

ಸೋಮವಾರದವರೆಗಾದರೂ ತಮ್ಮ ವಿಶ್ವಾಸಿ,
ಅರ್ಜಿದಾರ

ಲಗತ್ತು: ಮುಂದಿನ ಬೆಂಚಿನ ನಕ್ಷೆ, ಮೂರು ಗುರುತುಗಳೊಂದಿಗೆ.

ವಿ.ಸೂ.: "ನೀವೂ ಬನ್ನಿ" ಎಂದು ಆ ಮೂವರಿಗೆ ಹೇಳಲು ಅರ್ಜಿದಾರನಿಗೆ ಬಾಯಿ ಬರಲಿಲ್ಲ.