ರಕ್ತ ಎಲ್ಲಿತನಕ ಹೋಗುತ್ತದೆ ಎಂದು ಬಲ್ಲ ಮಾಮಾ

ನಮ್ಮ ಸೋದರಮಾವನ ಎದುರಿಗೆ ಯಾರೂ ಗಾಯ ಮಾಡಿಕೊಳ್ಳಬಾರದು. ಮಾಡಿಕೊಂಡರೆ ಗಾಯಕ್ಕಿಂತ ಅವನ ಪಾಠವೇ ಹೆಚ್ಚು ನೋಯುತ್ತಿತ್ತು! ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ಅವನಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಕುತೂಹಲ: ಮೈಯಲ್ಲಿ ರಕ್ತ ಎಲ್ಲಿ ಧಾರಾಳವಾಗಿ ಹೋಗುತ್ತದೆ, ಎಲ್ಲಿ ಹೋಗುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತು, ಮಾಂಸಕ್ಕೆ ಬೇಕಾದಷ್ಟು ರಕ್ತ, ಮಾಂಸವನ್ನು ಎಲುಬಿಗೆ ಕಟ್ಟುವ ಬಿಳಿ ಹುರಿಗೆ ಅಷ್ಟಿಷ್ಟು, ಮಿದು ಎಲುಬಿಗೆ ಹನಿಯೂ ಇಲ್ಲ ಎಂದು ಶುರುಮಾಡಿದರೆ, ಅಕ್ಕಪಕ್ಕದವರು ಎಲೆ ಎತ್ತಿಕೊಂಡು ಬೇರೆ ಸಾಲು ಹುಡುಕುತ್ತಿದ್ದರು. ಅವರನ್ನಾದರೂ ಹೇಗೆ ಬೈಯುವುದು?

ತೊಂಬತ್ತರ ದಶಕದ ಮೊದಲಲ್ಲಿ, ಮುನವಳ್ಳಿಯ ನಮ್ಮ ಮನೆಯಲ್ಲಿ ನನ್ನ ತಂಗಿಗೆ ಬುಗುಡಿ ಹಾಕಿಸಲು ಅಕ್ಕಸಾಲಿಗ ಪತ್ತಾರರನ್ನು ಕರೆಸಿದ್ದರು. ಅವರು ಕಿವಿಯ ಮೇಲಂಚಿಗೆ ಸೂಜಿ ಹಿಡಿದಿದ್ದೇ ತಡ, ಮಾಮಾ ಅಡ್ಡ ಕೈ ಹಾಕಿದ.

"ಪತ್ತಾರ್ರ, ಕಿವಿ ತೆಳಗ ಎಷ್ಟ ಬೇಕಾದ್ರೂ ಚುಚ್ಚರಿ. ಮ್ಯಾಲ ಮಿದು ಎಲಬೈತಿ, ಅದರಾಗ ರಕ್ತ ಹರಿಯೂದಿಲ್ಲ. ಕೀವು ತುಂಬಿದ್ರ ಲಗೂನ ಮಾಯೂದಿಲ್ಲ."

ಅವನ ತಾಯಿ, ಅಂದರೆ ನಮ್ಮಜ್ಜಿ, ಅರವತ್ತು ವರ್ಷದಿಂದ ಬುಗುಡಿ ಹಾಕಿಕೊಂಡಿದ್ದವಳು. ಎಲೆಗೆ ಸುಣ್ಣ ಸವರುತ್ತಲೇ ಕೇಳಿದಳು: "ನಂದು ಮಾಯದನ ನೀ ಹುಟ್ಟೀಯೇನು?"

ಎಲ್ಲರೂ ನಕ್ಕರು. ಸೂಜಿ ಇಳಿಯಿತು. ಮುಂದೆ ಮೂರು ತಿಂಗಳು ಆ ಕಿವಿ ಕೀವು ಸುರಿಸಿತು. ಮಾಮಾ ಪ್ರತಿ ರವಿವಾರ ಬಸ್ಸು ಹಿಡಿದು ಬಂದು ತಂಗಿಯ ಕಿವಿ ತೊಳೆದ. 'ನಾ ಹೇಳಿದ್ದಿಲ್ಲೇನು' ಎಂದು ಒಂದು ಮಾತೂ ಆಡಲಿಲ್ಲ. ತಂಗಿಯ ಎಡಗಿವಿಯ ಅಂಚು ಇವತ್ತಿಗೂ ಮುದುಡಿಕೊಂಡೇ ಇದೆ.

ಇನ್ನೊಮ್ಮೆ ಎಂ.ಕೆ. ಹುಬ್ಬಳ್ಳಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಉರುಳಿತು. ಹೇರಿನ ಮೇಲೆ ಕೂತಿದ್ದ ಮುದುಕನ ತಲೆಯಿಂದ ರಕ್ತ ಧಾರಾಕಾರ. ಜನ ಅವನ ಮಗನಿಗೆ ಸುದ್ದಿ ಕಳಿಸುವ ಮಾತಾಡುತ್ತಿದ್ದರೆ, ಬಸ್ಸಿನಿಂದ ಇಳಿದ ಮಾಮಾ ತನ್ನ ಹೊಸ ಟವೆಲ್ ಮಡಚಿ ಗಾಯಕ್ಕೆ ಒತ್ತಿ ಹಿಡಿದ. ತಲೆಯ ಚರ್ಮಕ್ಕೆ ರಕ್ತ ಹೆಚ್ಚು, ಸೋರುವುದೂ ಹೆಚ್ಚು, ಮಾಯುವುದೂ ಬೇಗ ಎಂದು ಅಲ್ಲೇ ಪಾಠ! ಮುದುಕ ಹದಿನೈದು ದಿನಕ್ಕೆ ಬೆಲ್ಲ ಹೊತ್ತುಕೊಂಡು ಮಾಮಾನ ಮನೆಗೆ ಬಂದ. ಆದರೆ ಟ್ರ್ಯಾಕ್ಟರ್ ಉರುಳಿದ ದಿನ ಮಾಮಾ ಗಾಬರಿಯಾದದ್ದು ಮುದುಕನನ್ನು ಕಂಡಲ್ಲ, ಹಿಮ್ಮಡಿಯ ಬಿಳಿ ಹುರಿ ಕೊಯ್ದುಕೊಂಡು, ಎರಡು ಹನಿ ರಕ್ತ ಒರೆಸಿ, ಬೀಡಿ ಸೇದುತ್ತ ನಿಂತಿದ್ದ ಡ್ರೈವರನನ್ನು ಕಂಡು. ದವಾಖಾನೆಗೆ ಹೋಗಿ ಹೊಲಿಸಿಕೊ, ಮೂರು ತಿಂಗಳು ಕಾಲೂರಬೇಡ ಎಂದು ಬೇಡಿಕೊಂಡ. ಡ್ರೈವರ್ ನಕ್ಕ. ಅವನು ಆಮೇಲೆ ನೆಟ್ಟಗೆ ನಡೆಯಲಿಲ್ಲ.

ಇಷ್ಟೆಲ್ಲ ಬಲ್ಲವನಿಗೆ ಸಕ್ಕರೆ ಕಾಯಿಲೆ ಬಂತು. ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು, ಸವದತ್ತಿಗೆ ಹೋಗಿ ಬಂದವನ ಒಂದು ಕಾಲಲ್ಲಷ್ಟೇ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಕಳಚಿತೋ ಅವನಿಗೆ ಗೊತ್ತೇ ಇಲ್ಲ! ಮಾಸ್ತರರ ಮರೆವು ಎಂದು ನಾವು ಆ ಕತೆ ಹೇಳಿಕೊಂಡು ವಾರಗಟ್ಟಲೆ ನಕ್ಕೆವು. ಅವನೂ ನಕ್ಕ. ಕಾಲಿಗೆ ಸ್ಪರ್ಶವೇ ಇರಲಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತೋ ಏನೋ, ಹೇಳಲಿಲ್ಲ.

ಆ ಕಾಲಿನ ಹೆಬ್ಬೆರಳು ಕಪ್ಪಾದ ಮೇಲೆ ಬೆಳಗಾವಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ಪರೀಕ್ಷೆ ಮಾಡುತ್ತಿದ್ದರು.

"ರಕ್ತ ಎಲ್ಲಿತನಕ ಬರಾಕ ಹತ್ತೈತ್ರಿ?" ಎಂದು ಮಾಮಾ ಕೇಳಿದ.

ಡಾಕ್ಟರ್ ಮೊಣಕಾಲಿನ ಕೆಳಗೆ ಪೆನ್ನಿನಿಂದ ಒಂದು ಗೆರೆ ಎಳೆದರು. ಮಾಮಾ ಅದನ್ನು ಬಹಳ ಹೊತ್ತು ನೋಡಿದ. ಮೂವತ್ತು ವರ್ಷ ಹುಡುಗರ ಚಿತ್ರಗಳನ್ನು ತಿದ್ದಿದವನಿಗೆ ಆ ಗೆರೆಯಲ್ಲಿ ತಿದ್ದಲು ಏನೂ ಸಿಗಲಿಲ್ಲ.

ಒಂದು ಕಾಲು ಹೋಯಿತು. ಉಳಿದ ಕಾಲನ್ನು ಅವನ ಹೆಂಡತಿ, ಅಂದರೆ ನಮ್ಮತ್ತೆ, ವಶಕ್ಕೆ ತೆಗೆದುಕೊಂಡಳು. ಅವನ ಪಾಠ ಶುರುವಾದರೆ ಅಡಿಗೆಮನೆ ಸೇರುತ್ತಿದ್ದವಳು, ಪಾದದ ಮೇಲೆ ಎಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ ಎಂದು ಅವನಿಂದಲೇ ಕಲಿತಳು. ಮೊದಲ ದಿನ ಎಷ್ಟು ಹುಡುಕಿದರೂ ಸಿಗದೆ ಅತ್ತೇಬಿಟ್ಟಳಂತೆ. ತಾನಿನ್ನೂ ಬದುಕಿದ್ದೇನೆ ಎಂದು ಮಾಮಾ ಚಹಾ ಕುಡಿಯುತ್ತ ಸಮಾಧಾನ ಹೇಳಬೇಕಾಯಿತು! ಆಮೇಲೆ ದಿನಾ ಮುಂಜಾನೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, "ಐತ್ರಿ" ಅನ್ನುವಳು. ಆಮೇಲೆಯೇ ಒಲೆ ಹೊತ್ತಿಸುವಳು. ಹೀಗೆ ಮೂರು ವರ್ಷ.

ಒಂದು ಮುಂಜಾನೆ ಫೋನ್ ಬಂದು ನಾನು ಓಡಿದೆ. ಓಣಿಯ ಡಾಕ್ಟರ್ ನೋಡಿ, ಮುಗಿಯಿತು ಎಂದು ಹೇಳಿ ಹೋಗಿಯಾಗಿತ್ತು. ಮಂದಿ ಹೊರಗೆ ಕೂತಿದ್ದರು. ಅತ್ತೆ ಮಾತ್ರ ಮಂಚದ ತುದಿಯಲ್ಲಿ ಕೂತು ಅವನ ಪಾದದ ಮೇಲೆ ಎರಡು ಬೆರಳಿಟ್ಟುಕೊಂಡಿದ್ದಳು. ನಾನು ಹೆಗಲು ಮುಟ್ಟಿದೆ. ಬೆರಳು ತೆಗೆಯಲಿಲ್ಲ.

"ತಡಿ," ಎಂದಳು. "ಒಮ್ಮೊಮ್ಮೆ ತಡಾ ಮಾಡಿ ಸಿಗತೈತಿ."