ಆಟದ ಪೆಟ್ಟಿಗೆಯೂ ಪೂವಮ್ಮಕ್ಕನ ಡಬ್ಬವೂ

ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವಾಗ ನನಗೊಂದು ಅಭ್ಯಾಸವಿದೆ. ಆ ವಾರ ದೇವರು ನನಗೆ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಒಂದೊಂದು ಪಾತ್ರೆಗೆ ಒಂದರಂತೆ ನೆನೆಸಿಕೊಳ್ಳುತ್ತೇನೆ. ದೊಡ್ಡ ಉಪಕಾರಗಳನ್ನು ಎಲ್ಲರೂ ನೆನೆಯುತ್ತಾರೆ. ಸಾರು ಕುದಿದ ಮೇಲೆಯೇ ಗ್ಯಾಸು ಮುಗಿದದ್ದು, ಒಗೆದ ಬಟ್ಟೆ ಒಳಗೆ ತಂದ ಮೇಲೆಯೇ ಮಳೆ ಹನಿದದ್ದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದು, ಇಂಥವನ್ನು ನೆನೆಯುವವರು ಕಡಿಮೆ. ದೇವರಿಗೂ ಬೇಸರವಾಗಬಾರದಲ್ಲ ಎಂದು ಆ ಖಾತೆಯನ್ನು ನಾನೇ ವಹಿಸಿಕೊಂಡಿದ್ದೇನೆ. ಆ ಗುರುವಾರವೂ ಮರುದಿನದ ಪೂಜೆಗೆಂದು ಆರತಿ ತಟ್ಟೆ, ಪಂಚಪಾತ್ರೆ ಮುಗಿಸಿ ಗಂಟೆ ತಿಕ್ಕುತ್ತಿದ್ದೆ. ಗಂಟೆಯ ಪಾಲಿಗೆ ಬಂದಿದ್ದ ಉಪಕಾರ ಸ್ವಲ್ಪ ದೊಡ್ಡದೇ: ನಮ್ಮ ಯಜಮಾನರಿಗೆ ಹೊಸ ಕೆಲಸ ಸಿಕ್ಕಿದ್ದು. ಅಷ್ಟರಲ್ಲಿ ನಡುಮನೆಯಿಂದ ಅವರ ಧ್ವನಿ ಬಂತು.

"ಇವ್ಳೇ, ಸ್ವಲ್ಪ ಬಾ ಇಲ್ಲಿ. ಕಾಗದ ಬಂದೈತೆ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರು ಆ ಧ್ವನಿಯಲ್ಲಿ ಕರೆದದ್ದು ಎರಡೇ ಸಲ. ಒಮ್ಮೆ ಅಟ್ಟದ ಮೇಲೆ ಹಾವು ಕಂಡಾಗ. ಇನ್ನೊಮ್ಮೆ ಅದು ಅವರದೇ ಹಳೆಯ ಬೆಲ್ಟು ಎಂದು ತಿಳಿದಾಗ.

ಹೊಸ ಕೆಲಸ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಗದ್ದೆ ಮಾಡಿದವರು. ನಮ್ಮ ಯಜಮಾನರು ಮಾತ್ರ ಗದ್ದೆಗಿಳಿಯದೆ ಪೇಟೆಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟರು. ಟಿ.ವಿ.ಗಳು ದಪ್ಪಗಿದ್ದ ಕಾಲದಲ್ಲಿ ನಾವೂ ಸ್ವಲ್ಪ ದಪ್ಪಗಿದ್ದೆವು. ಅವು ಹಪ್ಪಳದಂತೆ ತೆಳ್ಳಗಾದ ಮೇಲೆ ಕೆಟ್ಟರೆ ಎಸೆಯುವವರೇ ಹೆಚ್ಚು. ಕಡೆಕಡೆಗೆ ಅಂಗಡಿಗೆ ಬರುತ್ತಿದ್ದವರೆಲ್ಲ ಪಕ್ಕದ ಬೀದಿಯ ದಂತವೈದ್ಯರ ವಿಳಾಸ ಕೇಳುವವರೇ. ಹಾಗಿರುವಾಗ ಅವರ ಕೈಗೆ ಸಿಕ್ಕಿದ್ದು ಅಂಗೈಯಷ್ಟು ಅಗಲದ, ಪುಟ್ಟ ಪರದೆಯ ಒಂದು ಆಟದ ಯಂತ್ರ. ಹಿಂದೆ ಟಿ.ವಿ.ಗೆ ಪೆಟ್ಟಿಗೆ ಜೋಡಿಸಿ, ಕ್ಯಾಸೆಟ್ಟು ತುರುಕಿ ಆಡುತ್ತಿದ್ದರಲ್ಲ, ಆ ಪೆಟ್ಟಿಗೆ ಈಗ ಎಲ್ಲೂ ಇಲ್ಲ. ಆದರೆ ಅದರಂತೆಯೇ ನಡೆದುಕೊಳ್ಳುವ ಒಂದು ತಂತ್ರಾಂಶವಿದೆ, ಎಮ್ಯುಲೇಟರ್ ಎನ್ನುತ್ತಾರೆ. ದೇಶದೇಶಗಳ ಯಾರುಯಾರೋ ಸೇರಿ ಬರೆದು, ಅದನ್ನು ಹೇಗೆ ಬರೆದಿದ್ದಾರೆಂಬ ಒಳಗುಟ್ಟನ್ನೂ ಬಿಚ್ಚಿ, ಬೇಕಾದವರು ತಗೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಅದು ಈ ಪುಟ್ಟ ಯಂತ್ರದೊಳಗೆ ಕೂರುತ್ತಿರಲಿಲ್ಲ. ಕೂರುವಂತೆ ತಿದ್ದುವುದನ್ನು ಇವರು ಎಂಟು ತಿಂಗಳು ಹಠ ಹಿಡಿದು ಮಾಡಿದರು. ಐವತ್ತಾರನೇ ವಯಸ್ಸಿನಲ್ಲಿ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು.

ಆ ಎಂಟು ತಿಂಗಳು ಪರೀಕ್ಷೆ ಮಾಡುತ್ತಿದ್ದವಳು ನಾನು. ಕುಕ್ಕರ್ ಇಟ್ಟು ಮೂರು ಕೂಗು ಬರುವವರೆಗೆ ನನ್ನ ಸೇವೆ. ಪರದೆಯೊಳಗಿನ ಟೋಪಿಯ ಮನುಷ್ಯನನ್ನು ಹಾರಿಸುವುದು, ಗುಂಡಿಗೆ ಬೀಳಿಸುವುದು, ಏನು ತಪ್ಪಾಯಿತೆಂದು ಹೇಳುವುದು. ಹಾರಿದ ಸದ್ದು ಅವನು ಕೆಳಗಿಳಿದ ಮೇಲೆ ಬರುತ್ತದೆ ಎಂದು ಕಂಡುಹಿಡಿದದ್ದು ನಾನೇ. "ರೀ, ಇದು ನಿಮ್ಮ ಥರಾನೇ, ನಾನು ಕರೆದು ಎಷ್ಟೋ ಹೊತ್ತಿಗೆ ಹೂಂ ಅನ್ನುತ್ತೆ," ಎಂದೆ. ಅವರು ಅದನ್ನು ಹೊಗಳಿಕೆ ಎಂದು ತಿಳಿದು ಎರಡು ತಿಂಗಳು ಕೂತು ಸರಿಪಡಿಸಿದರು. ಯಂತ್ರದ ಹೂಂ ಸರಿಯಾಯಿತು.

ಯಂತ್ರವೇನೋ ಸಿದ್ಧವಾಯಿತು. ಆನ್ ಮಾಡಿದರೆ ಮೊದಲು ಕಪ್ಪು ಪರದೆಯ ಮೇಲೆ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರಗಳು ಬಂದು ನಿಲ್ಲುತ್ತಿದ್ದವು. ಇದೇನು ಅಪಶಕುನದಂತೆ, ಮೊದಲು ಕಪ್ಪು ಕಾಣುವುದು ಎಂದು ನನಗೆ ಸಮಾಧಾನವಿಲ್ಲ. ಯಾವ ಕೆಲಸಕ್ಕಾದರೂ ಮೊದಲು ವಿಘ್ನೇಶ್ವರ ಬೇಕು, ಇದನ್ನು ತೆಗೆದು ಗಣಪತಿ ಹಾಕಿ ಎಂದು ಪಟ್ಟು ಹಿಡಿದೆ. ಆ ಅಕ್ಷರಗಳನ್ನು ಯಾರೂ ಓದುವುದಿಲ್ಲ ಎಂದು ಅವರಿಗೂ ಅನಿಸಿರಬೇಕು, ಒಪ್ಪಿದರು. ನಮ್ಮ ದೇವರ ಕೋಣೆಯ ಗಣಪತಿಯ ಪಟವನ್ನು ನಾನೇ ಮೊಬೈಲಿನಲ್ಲಿ ತೆಗೆದುಕೊಟ್ಟೆ. ಪಟದ ಮೂಲೆಯಲ್ಲಿ ನನ್ನ ಅರ್ಧ ಹೆಬ್ಬೆರಳೂ ಬಂದಿತ್ತು. ಹಾಗೆಯೇ ಯಂತ್ರ ತೆರೆದರೆ ಗಣಪತಿ, ಹೆಬ್ಬೆರಳು, ಆಮೇಲೆ ಆಟ. ಅದೇ ರೂಪದಲ್ಲಿ ಇವರು ತಮ್ಮ ತಿದ್ದಿದ ತಂತ್ರಾಂಶವನ್ನು ಇಂಟರ್ನೆಟ್ಟಿಗೂ ಹಾಕಿದರು, ಇಂಥ ಯಂತ್ರವಿರುವ ಬೇರೆಯವರು ಬಳಸಿ ನೋಡಲಿ ಎಂದು. ವಿರಾಜಪೇಟೆಯ ವ್ಯಾಪಾರಿ ಪ್ರಕಾಶ ಅದನ್ನು ನೋಡಿ, ಮಾದರಿಗೊಂದು ಯಂತ್ರ ತರಿಸಿ ಅಂಗಡಿಯಲ್ಲಿಟ್ಟು, ಐವತ್ತು ಬೇಕೆಂದ. ಅದೇ ಹೊಸ ಕೆಲಸ. ಕೇರಳದ ಬಸ್ಸು ಹತ್ತುವವರು ಮಕ್ಕಳಿಗೆಂದು ಕೊಳ್ಳುತ್ತಾರಂತೆ. ಸಿನಿಮಾದವರ, ದೊಡ್ಡ ಕಂಪನಿಗಳ ಆಟಗಳನ್ನೂ ಸಾವಿರದಷ್ಟು ತುಂಬಿಸಿಕೊಡಿ ಎಂದು ಅವನು ಕೇಳಿದಾಗ ಇವರು ಖಡಾಖಂಡಿತವಾಗಿ ಆಗುವುದಿಲ್ಲ ಎಂದಿದ್ದರು. ಮಾಡಿದವರೇ ಖುಷಿಯಿಂದ ಹಂಚಿದ ಆಟ ಮಾತ್ರ ಹಾಕುತ್ತೇನೆ, ಕದ್ದದ್ದು ಬೇಡ ಎಂದು. ನನಗೆ ಹೆಮ್ಮೆಯಾಗಿ ಅಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ.

ಆ ಹೆಮ್ಮೆಯ ಮೇಲೆ ಬಂದು ಬಿದ್ದದ್ದು ಈ ಕಾಗದ, ಅಂದರೆ ಇ-ಮೇಲು. ಹುಣಸೆಹಣ್ಣಿನ ಕೈಯಲ್ಲೇ ಓಡಿ ಹೋದೆ. ಯಜಮಾನರು ಕಂಪ್ಯೂಟರಿನ ಮುಂದೆ ಬೆವರುತ್ತಿದ್ದರು. ಬರೆದವನು ಎಲ್ಲೋ ಶೀತದೇಶದವನು, ಆ ತಂತ್ರಾಂಶ ಬರೆದವರಲ್ಲಿ ಒಬ್ಬ. ಬೈದಿರಲಿಲ್ಲ, ಅದೇ ಕಷ್ಟ. ನಿಮ್ಮ ಕೆಲಸ ಚೆನ್ನಾಗಿದೆ, ಸದ್ದಿನ ತೊಂದರೆಯನ್ನು ನಮಗೂ ಸರಿಪಡಿಸಲಾಗಿರಲಿಲ್ಲ, ದೇವರ ಚಿತ್ರವೂ ಸೊಗಸಾಗಿದೆ, ಆದರೆ ಅದರ ಜಾಗದಲ್ಲಿದ್ದ ನಮ್ಮ ಹೆಸರುಗಳು ಎಲ್ಲಿ ಹೋದವು ಎಂದು ಕೇಳಿದ್ದ. ಮೊದಲ ಹೆಸರಿನವನು ಈಗ ಇಲ್ಲವಂತೆ, ತೀರಿಹೋಗಿದ್ದಾನಂತೆ. ಅದಕ್ಕೇ ಅವನನ್ನು ಮೊದಲು ಇಟ್ಟಿದ್ದರಂತೆ. ನಾನು ಕಪ್ಪು ಪರದೆ, ಅಪಶಕುನ ಎಂದು ತೆಗೆಸಿದ್ದು ಸತ್ತವನೊಬ್ಬನ ಹೆಸರನ್ನು. ಕೈಯಲ್ಲಿದ್ದ ಗಂಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟು ಕೂತೆ.

ಉಳಿದದ್ದನ್ನು ಯಜಮಾನರು ಬಿಡಿಸಿ ಹೇಳಿದರು. ಆ ತಂತ್ರಾಂಶಕ್ಕೊಂದು ಲೈಸೆನ್ಸು ಇದೆ. ಹಣ ಕಟ್ಟುವ ಲೈಸೆನ್ಸಲ್ಲ, ನಡೆದುಕೊಳ್ಳುವ ಲೈಸೆನ್ಸು. ಯಾರಾದರೂ ತಗೊಳ್ಳಬಹುದು, ತಿದ್ದಬಹುದು, ಯಂತ್ರದಲ್ಲಿ ಹಾಕಿ ಮಾರಲೂಬಹುದು. ಆದರೆ ಮಾಡಿದವರ ಹೆಸರು ಇರಬೇಕು. ತಿದ್ದಿದ ಒಳಗುಟ್ಟನ್ನು, ಯಂತ್ರ ಕೊಂಡವರು ಕೇಳಿದರೆ ಕೊಡಬೇಕು, ಅವರು ಇನ್ನೊಬ್ಬರಿಗೆ ಕೊಟ್ಟರೆ ಬೇಡವೆನ್ನಬಾರದು. ಇದು ಇವರಿಗೆ ಗೊತ್ತಿರಲಿಲ್ಲವೆಂದಲ್ಲ. ಅದೂ ಇರುವೆ ಸಾಲಿನಲ್ಲೇ ಇತ್ತು.

ಕಷ್ಟವಿದ್ದದ್ದು ಪ್ರಕಾಶನ ಕಡೆಯಿಂದ. ಗಣಪತಿಯ ಕೆಳಗೆ ತನ್ನ ಅಂಗಡಿಯ ಹೆಸರು ಮಾತ್ರ ಇರಬೇಕು, ಇಂಟರ್ನೆಟ್ಟಿಗೆ ಹಾಕಿದ್ದನ್ನೂ ತೆಗೆಯಬೇಕು, ಒಳಗುಟ್ಟನ್ನು ಯಾರಿಗೂ ಕೊಡಬಾರದು ಎಂಬುದು ಅವನ ಷರತ್ತು. ಐವತ್ತು ಯಂತ್ರದ ಕೆಲಸ ಹೋದರೆ ಅಂಗಡಿಯ ಬಾಗಿಲನ್ನು ದಂತವೈದ್ಯರಿಗೇ ಬಿಟ್ಟುಕೊಡಬೇಕಾಗುತ್ತಿತ್ತು. ಯಜಮಾನರು ನನ್ನ ಮುಖ ನೋಡದೆ ಹೇಳಿದರು.

"ಸುಮ್ನಿದ್ಬಿಟ್ರೆ ಏನಾಗುತ್ತೆ? ಅವ್ನೇನು ಸಮುದ್ರ ದಾಟ್ಕೊಂಡು ಕುಶಾಲನಗರಕ್ಕೆ ಬರ್ತಾನಾ?"

ಒಂದು ಗಳಿಗೆ ನನಗೂ ಬರುವುದಿಲ್ಲವೆಂದೇ ಅನಿಸಿತು. ದೇವರ ಹತ್ತಿರ ಲೆಕ್ಕ ಬೇರೆ, ಹೊಟ್ಟೆಪಾಡು ಬೇರೆ ಎಂದು ನನ್ನೊಳಗಿನ ಯಾರೋ ವಕೀಲಿ ಮಾಡಿದರು. ಆದರೆ ಕೈಯಲ್ಲಿ ಹುಣಸೆಹಣ್ಣು, ಹಿತ್ತಿಲ ಕಲ್ಲಿನ ಮೇಲೆ ಸಾಲಾಗಿ ಮದುವೆಯಲ್ಲಿ ಉಡುಗೊರೆ ಬಂದ ಪಾತ್ರೆಗಳು. ಒಂದೊಂದರ ಅಂಚಿನಲ್ಲೂ ಕೊಟ್ಟವರ ಹೆಸರು ಕೊರೆದಿದೆ. ಅವರಲ್ಲಿ ಅರ್ಧ ಜನ ಈಗ ಇಲ್ಲ. ಆದರೂ ತಿಕ್ಕುವಾಗಲೆಲ್ಲ ಸಿಗುತ್ತಾರೆ.

"ರೀ, ನಮ್ಮಮ್ಮ ಯಾರ ಮನೆ ಪಾತ್ರೇನೂ ಖಾಲಿ ವಾಪಸ್ ಕಳಿಸ್ತಿರ್ಲಿಲ್ಲ. ಏನೂ ಇಲ್ದಿದ್ರೆ ಒಂದು ಅಚ್ಚು ಬೆಲ್ಲ ಆದ್ರೂ ಹಾಕಿ ಕೊಡೋರು. ಆ ತಂತ್ರಾಂಶದೋರು ಪಾತ್ರೆ ತುಂಬಿಸಿ ಕೊಟ್ಟಿದಾರೆ, ನೀವು ಸದ್ದು ಸರಿಮಾಡಿದೀರಲ್ಲ, ಅದನ್ನ ಹಾಕಿ ವಾಪಸ್ ಕೊಡಿ. ಪಾತ್ರೆ ಮೇಲಿನ ಹೆಸರು ಉಜ್ಜಿ ನಮ್ದು ಅನ್ನೋದು ಬೇಡ."

ಅವರು ಗಂಟೆಯನ್ನು ನೋಡಿದರು, ನನ್ನನ್ನು ನೋಡಿದರು. "ಉಜ್ಜಿಸ್ದೋಳೇ ನೀನು," ಎಂದರು. ಅದೂ ನಿಜವೇ.

ಪ್ರಕಾಶನಿಗೆ ಆಗಲೇ ಫೋನು ಹೋಯಿತು. ಸ್ಪೀಕರ್ ಹಾಕಿಸಿದ್ದು ನಾನು, ಇವರು ನಡುವೆ ಮೆತ್ತಗಾಗಬಾರದೆಂದು. ಅವನು ಸಮಾಧಾನದಿಂದಲೇ ಕೇಳಿದ. "ಅಲ್ಲ ಅಣ್ಣಾ, ನಿಮ್ ಕೈಚಳಕ ಊರಿಗೆಲ್ಲ ಹಂಚಿದ್ರೆ ನಂಗೆ ಏನುಂಟು? ನಾಳೆ ಪಕ್ಕದಂಗಡಿಯವ್ನೂ ಹಾಕ್ಕೊಳ್ತಾನೆ."

"ಹಾಕ್ಕೊಳ್ಳಲಿ ಬಿಡು. ಬಟನ್ ಕಿತ್ಕೊಂಡು ಬಂದಾಗ ರಿಪೇರಿಗೆ ಅವ್ನೂ ನನ್ನ ಹತ್ರಾನೇ ಬರ್ಬೇಕಲ್ಲ."

ಪ್ರಕಾಶ ನಕ್ಕ. ನಗು ಒಳ್ಳೆಯದೋ ಕೆಟ್ಟದ್ದೋ ತಿಳಿಯುವ ಮೊದಲೇ, ಯೋಚನೆ ಮಾಡಿ ಹೇಳ್ತೇನೆ ಎಂದು ಫೋನಿಟ್ಟ. ನಾನು ಗಂಟೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಅದಕ್ಕೆ ಹೊಂದಿಸಿದ್ದ ಉಪಕಾರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಗೊತ್ತಾಗದೆ, ಗಂಟೆಯನ್ನು ಸುಮ್ಮನೆ ಎರಡು ಸಲ ತಿಕ್ಕಿದೆ.

ಮುಂದಿನ ಪ್ರಶ್ನೆ, ಮೊದಲು ಗಣಪತಿಯೋ ಹೆಸರೋ ಎಂಬುದು. ಗಣಪತಿಯನ್ನು ಹಿಂದೆ ಹಾಕಲು ನನಗೆ ಭಯ, ಹೆಸರನ್ನು ಹಿಂದೆ ಹಾಕಲು ಅವರಿಗೆ ನಾಚಿಕೆ. ಎರಡು ದಿನ ಚರ್ಚೆಯಾಗಿ, ಕೊನೆಗೆ ಮೊಸರಿನ ಗಡಿಗೆಯ ಪಕ್ಕ ಬಿದ್ದಿದ್ದ ಒಂದು ಮದುವೆ ಕಾಗದ ದಾರಿ ತೋರಿಸಿತು. ಮೇಲೆ ಪುಟ್ಟ ಗಣಪತಿ, ಕೆಳಗೆ ಸಾಲಾಗಿ ಬಂಧುಬಳಗದ ಹೆಸರು. ಹಾಗೇ ಮಾಡಿದರು. ತೀರಿಹೋದವನ ಹೆಸರು ಮೊದಲು. ಕೊಂಡವರಿಗೆ ಒಳಗುಟ್ಟು ಎಲ್ಲಿ ಸಿಗುತ್ತದೆ ಎಂಬುದು ಕೊನೆಗೆ. ಹೆಬ್ಬೆರಳನ್ನು ಕತ್ತರಿಸಿದರು.

ವಾರ ಕಳೆದು ಮತ್ತೆ ಗುರುವಾರ. ಪಾತ್ರೆ ತಿಕ್ಕಿ ಒಳಗೆ ಬಂದಾಗ ಯಜಮಾನರು ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಆ ಶೀತದೇಶದವನು ಇವರ ಸದ್ದಿನ ತಿದ್ದುಪಡಿಯನ್ನು ತಮ್ಮ ಮೂಲ ತಂತ್ರಾಂಶಕ್ಕೇ ಸೇರಿಸಿಕೊಂಡು, ಇರುವೆ ಸಾಲಿನ ತುದಿಗೆ ಇನ್ನೊಂದು ಇರುವೆ ಕೂರಿಸಿದ್ದ. ನಮ್ಮ ಯಜಮಾನರ ಹೆಸರು. ಅವರು ಒಂದರ ಮೇಲೊಂದು ಹಾಕಿದ್ದ ಕನ್ನಡಕಗಳೆರಡನ್ನೂ ತೆಗೆದು ಒರೆಸಿಕೊಂಡರು. ಪ್ರಕಾಶನೂ ಬೆಳಗ್ಗೆ ಫೋನು ಮಾಡಿದ್ದನಂತೆ. ಐವತ್ತಲ್ಲ, ಸದ್ಯಕ್ಕೆ ಹತ್ತು ಕಳಿಸಿ, ಹೆಸರುಗಳು ಇರಲಿ, ಆ ಹೆಬ್ಬೆರಳು ಯಾರದ್ದು ಎಂದು ಗಿರಾಕಿಗಳು ಕೇಳ್ತಿದ್ದರು, ಅದು ಹೋದದ್ದು ಒಳ್ಳೆಯದಾಯಿತು ಎಂದನಂತೆ. ಹತ್ತು ಎಂದರೆ ಹತ್ತೂ ಉಪಕಾರವೇ. ಗಂಟೆಯ ಬಾಕಿ ತೀರಿತು.

"ನಿಮ್ಮಮ್ಮನ ಮಾತು ಸರಿ ಕಣೇ," ಎಂದರು ಯಜಮಾನರು. ಅವರ ಬಾಯಲ್ಲಿ ನಮ್ಮಮ್ಮನ ವಿಷಯದಲ್ಲಿ ಈ ಮಾತು ಬಂದದ್ದು ಮೊದಲನೇ ಸಲ. ಈ ಸಂತೋಷಕ್ಕೆ ಹೆಸರುಬೇಳೆ ಪಾಯಸವನ್ನಾದರೂ ಮಾಡೋಣವೆಂದು ಬೀಗುತ್ತಲೇ ಅಡಿಗೆಮನೆಗೆ ಹೋಗಿ, ಮೇಲಿನ ಗೂಡಿನಿಂದ ಬೇಳೆಯ ಸ್ಟೀಲ್ ಡಬ್ಬ ತೆಗೆದೆ.

ಡಬ್ಬ ಕೈಯಲ್ಲಿ ತಿರುಗಿತು. ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು ಕಂಡಿತು: ಪೂವಮ್ಮ. ನಮ್ಮ ಎದುರುಮನೆಯ ಪೂವಮ್ಮಕ್ಕ ನಾಲ್ಕು ವರ್ಷದ ಹಿಂದೆ ಪುತ್ತರಿ ಹಬ್ಬದ ಪಾಯಸ ತುಂಬಿಸಿ ಕಳಿಸಿದ ಡಬ್ಬ. ಮುಚ್ಚಳ ಬಿಗಿಯಾಗಿ ಕೂರುತ್ತದೆ, ಹುಳ ಹೋಗುವುದಿಲ್ಲ ಎಂದು ಬೇಳೆಗೆ ಇಟ್ಟುಕೊಂಡವಳು ನಾನು. ಹೆಸರಿನ ಭಾಗ ಗೋಡೆಯ ಕಡೆ ಇರುವಂತೆ ಇಟ್ಟದ್ದು ಮಾತ್ರ ಆಕಸ್ಮಿಕವೆಂದು ದೇವರ ಮುಂದೆ ಹೇಳಲಾರೆ. ಒಮ್ಮೆ ಅವರು ನಮ್ಮ ಜಗಲಿಯಲ್ಲೇ ಕೂತು, "ನನ್ನದೊಂದು ಡಬ್ಬ ಕಾಣ್ತಾ ಇಲ್ಲ, ಯಾರ ಮನೇಲಿ ಉಂಟೋ," ಎಂದಿದ್ದರು. ನಾನು ಬಹಳ ಮರುಗಿ, ಬೀದಿಯ ನಾಲ್ಕು ಮನೆಗಳ ಹೆಸರು ಹೇಳಿ, ಅಲ್ಲಿ ಕೇಳಿ ನೋಡಿ ಅಕ್ಕ ಎಂದಿದ್ದೆ. ಪಾಪ, ಅವರು ಕೇಳಿಯೂ ಬಂದಿದ್ದರು.

ಶೀತದೇಶದವನು ಸಮುದ್ರ ದಾಟಿ ಬರಲಾರ. ಪೂವಮ್ಮಕ್ಕನಿಗೆ ದಾಟಬೇಕಾದ್ದು ಒಂದು ರಸ್ತೆ. ಬೇಳೆಯನ್ನೆಲ್ಲ ಪಾತ್ರೆಗೆ ಸುರಿದುಕೊಂಡು, ಡಬ್ಬವನ್ನು ಹುಣಸೆಹಣ್ಣು ಹಾಕಿಯೇ, ಹೆಸರಿನ ಮೇಲೆ ಮಾತ್ರ ಮೆತ್ತಗೆ, ತೊಳೆದು ಬೋರಲು ಹಾಕಿದೆ. ಬಾಣಲೆ ಒಲೆಯ ಮೇಲಿಟ್ಟು ಬೇಳೆ ಹುರಿಯಲು ನಿಂತೆ. ನಾಲ್ಕು ವರ್ಷ ತಡವಾದದ್ದರಿಂದ ಗೋಡಂಬಿ ಸ್ವಲ್ಪ ಜಾಸ್ತಿಯೇ ಹಾಕಬೇಕು.