ಮಾವ ಪಾಸು ಮಾಡಿದ ತಕ್ಕಡಿ

ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಆದರೂ ಇಡೀ ಬಸವನಗುಡಿಯಲ್ಲಿ ಶುಗರ್ ನೋಡೋಕೆ ಅಂತ ಅವರಷ್ಟು ಸಲ ಬೆರಳು ಚುಚ್ಚಿಕೊಂಡವರು ಇನ್ನೊಬ್ಬರು ಸಿಕ್ಕಿದರೆ ನನ್ನ ಹೆಸರು ಬದಲಾಯಿಸಿ! ಕಾಯಿಲೆ ಇದ್ದದ್ದು ಅತ್ತೆಗೆ, ಚುಚ್ಚಿಕೊಳ್ಳುತ್ತಿದ್ದದ್ದು ಮಾವ. ಇದ್ಯಾವ ಸೀಮೆ ನ್ಯಾಯ ಅಂತೀರಾ? ತಡೀರಿ, ಹೇಳ್ತೀನಿ.

ಮಾವ ತೂಕ-ಅಳತೆ ಇನ್ಸ್‌ಪೆಕ್ಟರಾಗಿ ರಿಟೈರ್ ಆದವರು. ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಮೀಟರ್ ಕಡ್ಡಿಯಿಂದ ಹಿಡಿದು ಗಾಂಧಿಬಜಾರಿನ ಬದನೆಕಾಯಿ ತಕ್ಕಡಿಯವರೆಗೆ ಎಲ್ಲವೂ ಅವರ ಕಣ್ಣಿಗೆ ಕಳ್ಳರೇ. ರಿಟೈರ್ ಆದಮೇಲಾದರೂ ಬಿಟ್ಟರಾ? ಹುಟ್ಟುಗುಣ ಸುಟ್ಟರೂ ಹೋಗೊಲ್ಲ. ನನ್ನ ಮದುವೆಯಲ್ಲಿ ಬೀಗರ ಎದುರೇ ಬೆಳ್ಳಿ ಲೋಟವೊಂದನ್ನ ತೂಗಿ, "ಎರಡು ಗ್ರಾಂ ಕಮ್ಮಿ, ಮೋಸ!" ಅಂತ ಘೋಷಿಸಿಬಿಟ್ಟರು. ಆ ಲೋಟ ಉಡುಗೊರೆಯಾಗಿ ತಂದಿದ್ದವರು ಖುದ್ದು ಮಾವನೇ!

ಇಂಥವರ ಮನೆಗೆ ತೊಂಬತ್ತರ ದಶಕದ ಕೊನೆಗೆ ಗ್ಲುಕೋಮೀಟರ್ ಬಂತು. ಅತ್ತೆಗೆ ಇನ್ಸುಲಿನ್ ಶುರುವಾಗಿತ್ತು. ಮಾವ ಆ ಪುಟ್ಟ ಡಬ್ಬಿಯನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ಮೆಡಿಕಲ್ ಶಾಪಿನವನನ್ನ ಕೇಳಿದರು:

"ಇದಕ್ಕೆ ನಮ್ಮ ಇಲಾಖೆ ಸೀಲ್ ಎಲ್ರೀ?"

"ಸಾರ್, ಇದು ಮಿಷಿನ್ನು, ತಕ್ಕಡಿ ಅಲ್ಲ."

"ಮಿಷಿನ್ನಾದ್ರೆ ಸುಳ್ಳು ಹೇಳಲ್ವೇನ್ರೀ?"

ತಕ್ಕಡಿ ಪರೀಕ್ಷೆ ಮಾಡಬೇಕಾದರೆ ಸರಿಯಾದ ತೂಕದ ಬಟ್ಟು ಇಟ್ಟು ನೋಡಬೇಕಲ್ಲ? ಗ್ಲುಕೋಮೀಟರಿಗೆ ಬಟ್ಟು ಎಲ್ಲಿಂದ ತರೋದು? ಮಾವ ಎರಡು ದಿನ ಯೋಚನೆ ಮಾಡಿ ಕಂಡುಹಿಡಿದೇಬಿಟ್ಟರು. "ನನಗೆ ಶುಗರ್ ಇಲ್ಲ. ಅಂದ್ಮೇಲೆ ನಾನೇ ಬಟ್ಟು! ನನ್ನ ರಕ್ತ ಸರಿಯಾಗಿ ತೋರಿಸಿದ್ರೆ ಅವಳದ್ದೂ ಸರಿ."

ಅಲ್ಲಿಗೆ ಶುರುವಾಯಿತು ನೋಡಿ ಸಂಭ್ರಮ. ಬೆಳಿಗ್ಗೆ ಎಂಟಕ್ಕೆ ಅತ್ತೆಗೆ ಒಂದೇ ಒಂದು ಚುಚ್ಚು. ಸೂಜಿ ಕಂಡರೆ ಅತ್ತೆ ಕಣ್ಣು ಮುಚ್ಚಿ ದೇವರನಾಮ ಹಿಡಿಯುತ್ತಿದ್ದರು, ಅದಕ್ಕೇ ಎರಡನೆಯದಕ್ಕೆ ಮಾವನಿಗೆ ಮನಸ್ಸು ಬರುತ್ತಿರಲಿಲ್ಲ. ನಂಬರ್ ನೋಡಿ ಇನ್ಸುಲಿನ್ ಕೊಟ್ಟು, ಆಮೇಲೆ ತಮ್ಮ ಬೆರಳು ಹಿಡಿದು ಕೂರುತ್ತಿದ್ದರು. ತೊಂಬತ್ತೆರಡು. ಮತ್ತೊಮ್ಮೆ, ನೂರಾಒಂದು. ಮತ್ತೊಮ್ಮೆ, ಎಂಬತ್ತೆಂಟು.

"ಒಂದೇ ಮನುಷ್ಯ, ಒಂದೇ ರಕ್ತ, ಮೂರು ರೇಟು! ಏನೇ ಇದು, ಚಿಕ್ಕಪೇಟೆ ವ್ಯಾಪಾರಾನಾ?" ಅಂತ, ನೋಡೋಕೆ ಬಂದಿದ್ದ ನನ್ನ ಮೇಲೆ ರೇಗಿ, ಮಾರನೇ ದಿನ ಎರಡನೇ ಮೀಟರ್ ತಂದರು. ಈಗ ಎರಡೂ ಒಂದಕ್ಕೊಂದು ಒಪ್ಪುತ್ತಿರಲಿಲ್ಲ. ಬೀದೀಲಿ ಹೋಗೋ ಮಾರಿಯನ್ನ ಮನೆಗೆ ಕರೆದಂತಾಯಿತು.

ಒಂದು ಬೇಸಿಗೆ ಬೆಳಿಗ್ಗೆಯಂತೂ ಮಾವನ ಬೆರಳು ಇನ್ನೂರ ಅರವತ್ತು ತೋರಿಸಿಬಿಟ್ಟಿತು! ತೂಕದ ಬಟ್ಟೇ ಕೆಟ್ಟುಹೋದರೆ ಲೋಕದ ಗತಿಯೇನು? ಅತ್ತೆ ದೇವರ ಮನೆ ಬಾಗಿಲಲ್ಲಿ ಕೂತು ಅತ್ತೇಬಿಟ್ಟರು. ಅಳುತ್ತಲೇ ತಟ್ಟನೆ ತಲೆ ಎತ್ತಿ ಕೇಳಿದರು:

"ರೀ, ಮಾವಿನಹಣ್ಣು ಹೆಚ್ಚಿ ಕೈ ತೊಳೆದ್ರಾ?"

ತೊಳೆದಿರಲಿಲ್ಲ. ತೊಳೆದು ನೋಡಿದರೆ ತೊಂಬತ್ತನಾಲ್ಕು. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಮಾವ ಒಂದು ವಾರ ಬೆರಳಿಗೆ ಬಾಳೆಹಣ್ಣು, ಜೇನುತುಪ್ಪ, ಮೈಸೂರುಪಾಕು ಎಲ್ಲಾ ಸವರಿ, ಯಾವುದು ಎಷ್ಟು ಸುಳ್ಳು ಹೇಳಿಸುತ್ತೆ ಅಂತ ರಿಜಿಸ್ಟರಿನಲ್ಲಿ ಬರೆದರು. ಆ ವಾರ ಮನೆ ತುಂಬ ಇರುವೆ.

ನಗುವುದೇನೋ ನಕ್ಕೆವು. ಆದರೆ ಒಂದು ವಿಷಯಕ್ಕೆ ಯಾರಿಗೂ ನಗು ಬರುತ್ತಿರಲಿಲ್ಲ. ಕೆಲವು ಬೆಳಿಗ್ಗೆ ಅತ್ತೆ ಇದ್ದಕ್ಕಿದ್ದಂತೆ ಕಲ್ಲಾಗಿಬಿಡುತ್ತಿದ್ದರು. ಒಂದು ದಿನ ದೋಸೆ ಹಿಟ್ಟನ್ನ ಕಾಫಿ ಫಿಲ್ಟರಿಗೆ ಸುರಿದರು. ಇನ್ನೊಂದು ದಿನ, ಅವರ ತೊಡೆಯ ಮೇಲೇ ಬೆಳೆದ ನನ್ನನ್ನ ನೋಡಿ, "ಯಾರಮ್ಮ ನೀನು?" ಅಂದರು. ಮೈಯೆಲ್ಲಾ ತಣ್ಣನೆ ಬೆವರು. ಮಾವ ಸಕ್ಕರೆ ನೀರು ಕುಡಿಸಿ, ಅವರಿಗೆ ಗೆಲುವಾದ ಮೇಲೆ ಮೀಟರಿನ ಮೇಲೆ ಹರಿಹಾಯುತ್ತಿದ್ದರು. "ಎಂಟು ಗಂಟೆಗೆ ನೂರಾನಲವತ್ತು ಅಂದಿತ್ತು. ಒಂದೂವರೆ ಗಂಟೇಲಿ ಶುಗರ್ ಹೇಗೆ ಬೀಳುತ್ತೆ? ಇದೇ ಸುಳ್ಳು ಹೇಳಿರೋದು!" ಮಾರನೇ ದಿನದಿಂದ ಮೀಟರಿಗೆ ಇನ್ನೂ ನಾಲ್ಕು ಪರೀಕ್ಷೆ ಜಾಸ್ತಿ. ಹೀಗೇ ಬಿದ್ದು ಒಂದು ದಿನ ಏಳದೇ ಹೋದರೆ ಅನ್ನೋ ಭಯ ಅವರನ್ನ ತಿನ್ನುತ್ತಿತ್ತು. ನನ್ನನ್ನೂ.

ಎರಡು ಸಾವಿರನೇ ಇಸವಿಯ ನಂತರ ಯಾವಾಗಲೋ, ಚಾಮರಾಜಪೇಟೆಯ ಡಾಕ್ಟರು ಹೊಸದೊಂದು ಸೆನ್ಸರ್ ತೋರಿಸಿದರು. "ಇದನ್ನ ಹೊಟ್ಟೆ ಮೇಲೆ ಅಂಟಿಸ್ತೀವಿ, ಇದರ ಡಬ್ಬಿ ಸೊಂಟಕ್ಕೆ. ಮೂರು ದಿನ ತನ್ನಷ್ಟಕ್ಕೆ ತಾನೇ ಅಳೆದು ಬರೆದಿಟ್ಕೊಳ್ಳುತ್ತೆ."

ಮಾವನ ಕಣ್ಣು ಅರಳಿತು. "ರಕ್ತ ಅಳೆಯುತ್ತಾ?"

"ರಕ್ತ ಅಲ್ಲ, ಚರ್ಮದ ಕೆಳಗಿನ ನೀರು. ರಕ್ತಕ್ಕಿಂತ ಹತ್ತು ಹದಿನೈದು ನಿಮಿಷ ಹಿಂದೆ ಇರುತ್ತೆ."

"ಅಂದ್ರೆ ಸಿಟಿ ಬಸ್ಸು!"

"ಹೂಂ, ಆದ್ರೆ ಬಂದೇ ಬರುತ್ತೆ. ಇನ್ನೊಂದು, ದಿನಕ್ಕೆ ನಾಲ್ಕು ಸಲ ನಿಮ್ಮ ಮೀಟರಲ್ಲಿ ನೋಡಿ ಇದಕ್ಕೆ ಹೇಳಿಕೊಡ್ಬೇಕು."

"ಚೆನ್ನಾಗಿದೆ! ಕಳ್ಳನಿಗೆ ಕಳ್ಳನೇ ಸಾಕ್ಷಿ. ಎಷ್ಟು ಹೆಚ್ಚುಕಮ್ಮಿ ಆಗುತ್ತೆ?"

"ಆಗುತ್ತೆ ಸ್ವಾಮಿ. ಶುಗರ್ ಕೆಳಗಿಳಿದಾಗ ಇನ್ನೂ ಸ್ವಲ್ಪ ಜಾಸ್ತಿನೇ ಆಗುತ್ತೆ. ಆದ್ರೆ ಯಾವ ಹೊತ್ತಲ್ಲಿ ಏರ್ತಿದೆ, ಯಾವ ಹೊತ್ತಲ್ಲಿ ಇಳೀತಿದೆ, ಅದು ಗೊತ್ತಾಗುತ್ತಲ್ಲ? ನೀವು ಊಟ ತಿಂಡಿ ಔಷಧಿ ಎಲ್ಲಾ ಟೈಮ್ ಹಾಕಿ ಬರೀರಿ."

ಬರೆಯೋ ಕೆಲಸ ಮಾವನಿಗೆ! ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಅತ್ತೆ ಪಾಪ, ದಿನಕ್ಕೆ ನಾಲ್ಕು ಚುಚ್ಚಿಗೆ ನಾಲ್ಕು ದೇವರನಾಮ ಹೇಳಿದರು. ಸೊಂಟಕ್ಕೆ ಸಿಕ್ಕಿಸಿದ ಡಬ್ಬಿ ನೋಡಿ ಪಕ್ಕದ ಮನೆಯಾಕೆ "ಮೊಬೈಲಾ?" ಅಂದರೆ, "ಅಲ್ಲ ಕಣ್ರೀ, ನಮ್ಮನೆಯವರು ಬಿಟ್ಟಿರೋ ಸಿ.ಐ.ಡಿ.!" ಅಂದರಂತೆ.

ನಾಲ್ಕನೇ ದಿನ ಮೂವರೂ ಡಾಕ್ಟರ ಮುಂದೆ ಕೂತೆವು. ಕಾಗದದ ಮೇಲೆ ಮೂರು ಗೆರೆ. ಮೂರೂ ದಿನ ಒಂಬತ್ತು ಗಂಟೆ ದಾಟಿದ ಮೇಲೆ ಗೆರೆ ಹಳ್ಳಕ್ಕೆ ಬಿದ್ದಿತ್ತು. ಡಾಕ್ಟರು ಮಾವನ ರಿಜಿಸ್ಟರ್ ತೆರೆದು ಗಟ್ಟಿಯಾಗಿ ಓದಿದರು. "ಎಂಟು ಐದು, ಇನ್ಸುಲಿನ್. ಒಂಬತ್ತು ಐವತ್ತು, ತಿಂಡಿ." ಕನ್ನಡಕ ತೆಗೆದು ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಇಂಜೆಕ್ಷನ್ ಆದ್ಮೇಲೆ ಹೊಟ್ಟೆ ಖಾಲಿ ಇದ್ರೆ ಶುಗರ್ ಬೀಳುತ್ತೆ. ಅರ್ಧ ಗಂಟೇಲಿ ತಿಂಡಿ ತಾನೇ ಅಂತ ಪ್ರತಿ ಸಲ ಕೇಳ್ತಿದ್ದೆ. ಹೂಂ ಅಂತಿದ್ರಿ?"

"ಅರ್ಧ ಗಂಟೇಲಿ ರೆಡಿ ಇರುತ್ತಲ್ಲ ಡಾಕ್ಟ್ರೇ."

"ತಿನ್ನೋದು?"

ಅತ್ತೆ ಸೆರಗು ತಿರುಚುತ್ತಾ ಅಂದರು, "ಇವರು ಮೀಟರ್ ಪರೀಕ್ಷೆ ಮುಗಿಸಿ, ಸ್ನಾನ ಪೂಜೆ ಮಾಡ್ಕೊಂಡು ಬರ್ಬೇಕಲ್ಲ. ಇವರು ತಿನ್ನದೆ ನಾನು ಹೇಗೆ ತಿನ್ನಲಿ?"

ಮಾವನ ಮುಖ ನೋಡಲಾಗಲಿಲ್ಲ ನನಗೆ. ಬಾಯಿಗೆ ಬಂದದ್ದನ್ನ ಅಂದೆ: "ಮಾವ, ಇದು ಹೆಚ್ಚುಕಮ್ಮಿ ತೋರಿಸುತ್ತೆ ಅಂತ ಡಾಕ್ಟ್ರೇ ಹೇಳಿದ್ರಲ್ಲ..."

ಜೀವಮಾನವಿಡೀ ಒಂದು ಗ್ರಾಂ ಬಿಟ್ಟುಕೊಡದ ಮನುಷ್ಯ ನಿಧಾನವಾಗಿ ತಲೆಯಾಡಿಸಿದರು. "ಇಲ್ಲ ಕಣೇ. ಇದು ಸರಿಯಾಗೇ ತೂಗಿದೆ."

ಮಾರನೇ ದಿನ ಮನಸ್ಸು ತಡೆಯದೆ ಹನುಮಂತನಗರದ ನನ್ನ ಮನೆಯಿಂದ ಎಂಟು ಗಂಟೆಗೇ ಓಡಿದೆ. ಮೀಟರಿನ ಪೆಟ್ಟಿಗೆ ಆಗಲೇ ಬೀರು ಸೇರಿತ್ತು. ಪೂಜೆಗೆ ಮುಂಚೆ ಗುಟುಕು ಕಾಫಿಯನ್ನೂ ಮುಟ್ಟದ ಮಾವ, ಸ್ನಾನವಿಲ್ಲದೆ, ಗಡ್ಡ ಹೆರೆಯದೆ, ತಟ್ಟೆಯ ಮುಂದೆ ಕೂತಿದ್ದರು.

"ಏನ್ರೀ ಇದು, ಮೈಲಿಗೇಲಿ! ದೇವರ ಪೂಜೆ ಆಗಿಲ್ಲ," ಅಂದರು ಅತ್ತೆ.

"ದೇವರು ಕಾಯ್ತಾನೆ. ನಿನ್ನ ಇನ್ಸುಲಿನ್ ಕಾಯಲ್ಲ. ಬಡಿಸು."

ಹೊಗೆಯಾಡುವ ಇಡ್ಲಿಯನ್ನ ಚಟ್ನಿಗೂ ಕಾಯದೆ ಮುರಿದು ಬಾಯಿಗೆ ಹಾಕಿಕೊಂಡರು. ನಾಲಿಗೆ ಸುಟ್ಟಿತು. ಆ ಬಿಸಿ ತುತ್ತನ್ನ ಹಾಗೇ ನುಂಗಿ, ಇನ್ನೊಂದು ತಟ್ಟೆಯನ್ನ ಅತ್ತೆಯ ಮುಂದೆ ಎಳೆದು ಅಂದರು:

"ತಿಂದೆ, ನೋಡು, ನಾನು ತಿಂದೆ! ಈಗ ನೀನು ತಿನ್ನೇ."